ಬಾಕಿ ಸಂಬಳದ ನೆಲ



ಯುದ್ಧ ಮುಗಿಸಿ ಬಂದ ಸೈನಿಕ ಕತ್ತಿಯನ್ನು ಗೂಟಕ್ಕೆ ತೂಗುಹಾಕಿ ನೇಗಿಲು ಹಿಡಿಯುವ ಚಿತ್ರ ಬಹಳ ಹಳೆಯದು. ರೋಮಿನ ಸಿನ್ಸಿನಾಟಸ್ ಅದರ ಮೂಲಪುರುಷ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಕೊನೆಯಾಗುತ್ತಿದ್ದ 1783ರ ಮೇ ತಿಂಗಳಲ್ಲಿ ಆ ಸೇನೆಯ ಅಧಿಕಾರಿಗಳು ತಮಗಾಗಿ ಒಂದು ಸಂಘ ಕಟ್ಟಿಕೊಂಡಾಗ ಅದಕ್ಕೆ ಇಟ್ಟದ್ದು ಅವನದೇ ಹೆಸರು. ಸದಸ್ಯತ್ವ ಅಧಿಕಾರಿಗಳಿಗೆ ಮಾತ್ರ, ಅವರ ತರುವಾಯ ಅವರ ಹಿರಿಯ ಮಗನಿಗೆ. ಸಿಪಾಯಿಗೆ ಒಳಗೆ ಜಾಗವಿರಲಿಲ್ಲ. ಏಳು ವರ್ಷ ಕಳೆಯುವಷ್ಟರಲ್ಲಿ ಓಹಾಯೊ ನದಿಯ ದಂಡೆಯ ಹೊಸ ಊರೊಂದಕ್ಕೂ ಅದೇ ಹೆಸರಾಯಿತು. ಇವತ್ತಿನ ಸಿನ್ಸಿನಾಟಿ ನಗರ ಅದೇ. ಹೀಗೆ ಗಡಿಸೀಮೆಯ ನಕ್ಷೆಯ ಮೇಲೇ ಆ ಚಿತ್ರ ಅಚ್ಚಾಗಿ ಕೂತಿತು. ಆದರೆ ಹೋಲಿಕೆಯಲ್ಲಿ ಒಂದು ತೊಡಕಿದೆ. ಸಿನ್ಸಿನಾಟಸನಿಗೆ ಹಿಂದಿರುಗಲು ಸ್ವಂತ ಹೊಲವಿತ್ತು. ಅಮೆರಿಕದ ಸೇನೆಯಲ್ಲಿ ಕೊನೆಯವರೆಗೂ ಉಳಿದ ಸಿಪಾಯಿಗಳಲ್ಲಿ ಬಹುಪಾಲು ಜನ ಹೊಲವಿಲ್ಲದವರು, ಕೂಲಿಯಾಳುಗಳು, ಪಾಲಿಗೆ ಏನೂ ಬಾರದ ಕಿರಿಯ ಮಕ್ಕಳು. ಅವರ ಕೈಯಲ್ಲಿ ಇದ್ದದ್ದು ಕಾಗದ: ಸಂಬಳ ಬಾಕಿಯಿದೆ ಎನ್ನುವ ಒಂದು ಚೀಟಿ, ನೂರು ಎಕರೆ ಕೊಡುತ್ತೇವೆ ಎನ್ನುವ ಒಂದು ಭರವಸೆ. ನನ್ನ ವಾದ ಇಷ್ಟು. ಯೋಧ ಗಡಿಸೀಮೆಯ ಹೊಸ ಒಕ್ಕಲಾದ ಕಥೆಯನ್ನು ಸಾಹಸದ ಮುಂದಿನ ಅಧ್ಯಾಯವೆಂದು ಓದುವ ರೂಢಿ ನಮ್ಮದು. ಅದನ್ನು ಬಾಕಿ ಸಂಬಳದ ಲೆಕ್ಕವೆಂದು ಓದಬೇಕು. ದಿವಾಳಿಯ ಅಂಚಿನಲ್ಲಿದ್ದ ಸರ್ಕಾರವೊಂದು ಆ ಬಾಕಿಯನ್ನು ಬೇರೆಯವರ ನೆಲದಲ್ಲಿ ತೀರಿಸಲು ಹೊರಟಿತು. ಆ ನೆಲದಲ್ಲಿ ಯಾರು ಬೇರೂರಿದರು, ಯಾರು ಬರಿಗೈಯಾದರು ಎಂಬುದನ್ನು ತೀರ್ಮಾನಿಸಿದ್ದು, ಕೈಗೆ ಬಂದ ಕಾಗದವನ್ನು ಮಾರದೆ ಎಷ್ಟು ದಿನ ಇಟ್ಟುಕೊಳ್ಳುವ ತಾಕತ್ತು ಯಾರಿಗಿತ್ತು ಎಂಬ ಸಂಗತಿ.

ಇದಕ್ಕೆ ಆಧಾರವಾಗಿ ನಾನು ಎತ್ತಿಕೊಳ್ಳುವ ಬದುಕು ಜೋಸೆಫ್ ಪ್ಲಮ್ ಮಾರ್ಟಿನ್ ಎಂಬವನದು. 1760ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸಿನ ಬೆಕೆಟ್ ಎಂಬಲ್ಲಿ ಹುಟ್ಟಿ, ಕನೆಕ್ಟಿಕಟ್‌ನ ಮಿಲ್ಫರ್ಡಿನಲ್ಲಿ ಅಜ್ಜ ಅಜ್ಜಿಯರ ಮನೆಯಲ್ಲಿ ಬೆಳೆದ. 1776ರಲ್ಲಿ, ಹದಿನಾರು ತುಂಬುವ ಮೊದಲೇ, ಆರು ತಿಂಗಳ ಕರಾರಿಗೆ ಸೈನ್ಯ ಸೇರಿದ. ಅದು ಮುಗಿದು ಮನೆಗೆ ಬಂದವನು 1777ರ ವಸಂತದಲ್ಲಿ, ಈ ಸಲ ಯುದ್ಧ ಮುಗಿಯುವ ತನಕ ಎಂಬ ಕರಾರಿಗೆ, ಮತ್ತೆ ಹೆಸರು ಬರೆಸಿದ. ಡೆಲವೇರ್ ನದಿಯ ನಡುವಿನ ಫೋರ್ಟ್ ಮಿಫ್ಲಿನ್‌ನಲ್ಲಿ ಬ್ರಿಟಿಷ್ ಹಡಗುಗಳ ಗುಂಡಿನ ಮಳೆಯಡಿ ಇದ್ದ. ಚಳಿಗಾಲದ ಬಿಡಾರವಾದ ವ್ಯಾಲಿ ಫೋರ್ಜ್‌ಗೆ ಹೋಗುವ ದಾರಿಯಲ್ಲಿ ಕಾಂಗ್ರೆಸ್ಸು ಆಜ್ಞಾಪಿಸಿದ ಕೃತಜ್ಞತಾ ದಿನದ ಹಬ್ಬದೂಟವೆಂದು ಒಂದು ಸಣ್ಣ ಹಿಡಿ ಅಕ್ಕಿ, ಒಂದು ಚಮಚ ವಿನಿಗರ್ ಪಡೆದ. 1778ರಲ್ಲಿ ಮಾನ್ಮತ್‌ನಲ್ಲಿ ಹೋರಾಡಿದ. 1780ರಲ್ಲಿ ಹೊಟ್ಟೆಗಿಲ್ಲದೆ ದಂಗೆಯೆದ್ದ ಕನೆಕ್ಟಿಕಟ್ ಪಡೆಯಲ್ಲೂ ಇದ್ದ. ಆಮೇಲೆ ಕಂದಕ ತೋಡುವ, ಅಡ್ಡಿ ಕಡಿಯುವ ಪಡೆಯಲ್ಲಿ ಸಾರ್ಜೆಂಟ್ ಆದ. ಇದೆಲ್ಲವನ್ನೂ ಅವನೇ ಬರೆದಿಟ್ಟಿದ್ದಾನೆ. 1830ರಲ್ಲಿ ಮೇನ್ ರಾಜ್ಯದ ಹ್ಯಾಲೊವೆಲ್‌ನಲ್ಲಿ ಹೆಸರು ಹಾಕದೆ ಅಚ್ಚಾದ ಆ ಆತ್ಮಕಥನವನ್ನು ಆಗ ಕೊಂಡು ಓದಿದವರು ಕಡಿಮೆ. 1962ರಲ್ಲಿ ಜಾರ್ಜ್ ಶೀರ್ ಮತ್ತೆ ಸಂಪಾದಿಸಿ ಹೊರತಂದ ಮೇಲೆ ಅದಿಲ್ಲದೆ ಆ ಯುದ್ಧದ ಚರಿತ್ರೆ ಬರೆಯುವವರೇ ಇಲ್ಲವೆನ್ನುವಂತಾಯಿತು.

ಇಲ್ಲೇ ಮೊದಲ ಆಕ್ಷೇಪ ಏಳುತ್ತದೆ. ಯುದ್ಧ ಮುಗಿದು 47 ವರ್ಷಕ್ಕೆ, ಕಷ್ಟದಲ್ಲಿದ್ದ ಮುದುಕನೊಬ್ಬ ಬರೆದ ಮಾತನ್ನು ಎಷ್ಟು ನಂಬುವುದು? ಅವನು ವ್ಯಂಗ್ಯಗಾರ, ಕಥೆಗೆ ರುಚಿ ಕಟ್ಟಬಲ್ಲವನು, ಸರ್ಕಾರದ ಮೇಲೆ ಸಿಟ್ಟಿದ್ದವನು, ಮೂರನ್ನೂ ಒಪ್ಪುತ್ತೇನೆ. ಆದರೆ ನಾನು ಅವನಿಂದ ಪಡೆಯುವುದು ಪ್ರಧಾನವಾಗಿ ಹಣದ ಲೆಕ್ಕ, ಮತ್ತು ಅದು ಬೇರೆ ಕಡೆಯೂ ದಾಖಲಾಗಿದೆ: ಕಾಂಗ್ರೆಸ್ಸಿನ ನಿರ್ಣಯಗಳಲ್ಲಿ, ನ್ಯಾಯಾಲಯದ ಕಾಗದಗಳಲ್ಲಿ, ಪಿಂಚಣಿ ಕಡತದಲ್ಲಿ. ನೆನಪು ಕೈಕೊಡಬಹುದಾದ ಕಡೆ ಕಡತ ಸಾಕ್ಷಿಗೆ ನಿಲ್ಲುತ್ತದೆ.

ನೆನಪೇ ಸಾಕ್ಷಿಯಾದ ಒಂದು ಘಟನೆಯನ್ನು ಮಾತ್ರ ಬಿಟ್ಟು ಮುಂದೆ ಹೋಗಲಾರೆ. 1781ರ ಅಕ್ಟೋಬರ್, ವರ್ಜೀನಿಯಾದ ಯಾರ್ಕ್‌ಟೌನ್. ಕಾರ್ನ್‌ವಾಲಿಸನ ಸೈನ್ಯವನ್ನು ಮುತ್ತಿಗೆ ಹಾಕಲು ಮೊದಲ ಕಂದಕಕ್ಕೆ ಗುರುತು ಹಾಕಬೇಕು. ಕಗ್ಗತ್ತಲು, ಮಳೆ. ಮಾರ್ಟಿನ್‌ನ ಪಡೆ ತೆಳುವಾದ ಪೈನ್ ಪಟ್ಟಿಗಳನ್ನು ಒಂದರ ತುದಿಗೆ ಒಂದನ್ನು ಜೋಡಿಸಿ ಮರಳ ಮೇಲೆ ಸಾಲಾಗಿ ಇಡುತ್ತಿದೆ. ಎಂಜಿನಿಯರುಗಳು ಇವರನ್ನು ಅಲ್ಲೇ ಬಿಟ್ಟು ಎತ್ತಲೋ ಹೋಗಿದ್ದಾರೆ. ಉದ್ದ ಕೋಟು ತೊಟ್ಟ ಅಪರಿಚಿತನೊಬ್ಬ ಕತ್ತಲಿನಿಂದ ಬಂದು ಮಾತಾಡಿಸಿ, ಸೆರೆ ಸಿಕ್ಕರೆ ನೀವು ಯಾವ ಪಡೆಯವರೆಂದು ಬಾಯಿಬಿಡಬೇಡಿ ಎಂದು ಎಚ್ಚರಿಸುತ್ತಾನೆ. ಕಂದಕದ ಪಡೆಯವರು ಸಿಕ್ಕರೆ ಜೀವದಾನ ಕೊಡದಿರುವುದು ಆ ಕಾಲದ ಯುದ್ಧಧರ್ಮ. ಅದು ಇವರಿಗೆ ಗೊತ್ತಿರದ ಸಂಗತಿಯೇನೂ ಅಲ್ಲ. ಎಂಜಿನಿಯರುಗಳು ಮರಳಿ ಬಂದು ಅವನನ್ನು ಸಂಬೋಧಿಸಿದ ರೀತಿ ಕೇಳಿದಾಗಲೇ ಅದು ವಾಷಿಂಗ್ಟನ್ ಎಂದು ಇವರಿಗೆ ತಿಳಿದದ್ದು. ಮಾರನೆಯ ರಾತ್ರಿ ವಾಷಿಂಗ್ಟನ್ ಗುದ್ದಲಿ ಹಿಡಿದು ನಾಲ್ಕು ಪೆಟ್ಟು ಹಾಕಿದ, ಮುತ್ತಿಗೆಯ ಮೊದಲ ಮಣ್ಣು ಅವನೇ ಅಗೆದ ಎಂದು ಚರಿತ್ರೆಯಲ್ಲಿ ಬರಲಿ ಅಂತ. ಹೀಗೆ ಮಾರ್ಟಿನ್ ಒಂದು ಚಿಟಿಕೆ ಉಪ್ಪು ಸೇರಿಸುತ್ತಾನೆ. ಉಳಿದ ಮಣ್ಣನ್ನು ಅಗೆದವರು ಯಾರೆಂದು ಹೇಳಬೇಕಿಲ್ಲ. ಅಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್ ಐದು ವರ್ಷದಲ್ಲಿ ಗವರ್ನರ್ ಜನರಲ್ ಆಗಿ ಇಂಡಿಯಾಕ್ಕೆ ಬಂದು, 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಸಿದುಕೊಂಡದ್ದು ನಮಗೆ ಗೊತ್ತು. ಸೋತ ಸೇನಾಪತಿಯ ಬದುಕು ಹೀಗೆ ಏರಿತು. ಗೆದ್ದ ಸಾರ್ಜೆಂಟನ ಬದುಕು ಏನಾಯಿತು ಎಂಬುದು ಮುಂದಿನ ಪ್ರಶ್ನೆ.

ಸಂಬಳದಿಂದ ಆರಂಭಿಸೋಣ. ಸಿಪಾಯಿಯ ಸಂಬಳ ತಿಂಗಳಿಗೆ ಆರು ಡಾಲರು ಮತ್ತು ಮೂರರಲ್ಲಿ ಎರಡು ಪಾಲು, ಅಂದರೆ ವರ್ಷಕ್ಕೆ 80 ಡಾಲರು. ಅದು ಬರುತ್ತಿದ್ದದ್ದು ಕಾಂಗ್ರೆಸ್ಸು ಮುದ್ರಿಸಿದ ನೋಟಿನಲ್ಲಿ. ನೋಟಿನ ಬೆಲೆ ಕುಸಿಯುತ್ತಾ ಹೋಗಿ 1780ರ ಹೊತ್ತಿಗೆ ಕೆಲಸಕ್ಕೆ ಬಾರದ ವಸ್ತುವಿಗೆ ಅದರ ಹೆಸರೇ ಗಾದೆಯಾಗಿತ್ತು. ಕೊನೆಗೆ ಅದೂ ನಿಂತಿತು. 1776ರ ನಂತರ ತನ್ನ ಕೈಗೆ ಹಣವೆಂದು ಕರೆಯಬಹುದಾದ ಸಂಬಳ ಬಂದದ್ದು ಒಂದೇ ಸಲ ಎನ್ನುತ್ತಾನೆ ಮಾರ್ಟಿನ್. 1781ರಲ್ಲಿ ಯಾರ್ಕ್‌ಟೌನಿಗೆ ಸಾಗುವಾಗ ಒಂದು ತಿಂಗಳಿನದು. ಅದೂ ಫ್ರೆಂಚರಿಂದ ಸಾಲ ತಂದ ನಾಣ್ಯ. 1783ರಲ್ಲಿ ಸೈನ್ಯ ವಿಸರ್ಜಿಸುವಾಗ ಕೈಗೆ ಕೊಟ್ಟದ್ದು ಅಂತಿಮ ಲೆಕ್ಕದ ಸಾಲಪತ್ರ. ಅದರಲ್ಲಿ ಕೆಲವನ್ನು ಮಾರಿ ಮೈಗೆ ನೆಟ್ಟಗೊಂದು ಬಟ್ಟೆ ಮಾಡಿಸಿಕೊಂಡ. ಆ ಸಾಲಪತ್ರಗಳಿಗೆ ಪೇಟೆಯಲ್ಲಿ ಮುಂದಿನ ಕೆಲವು ವರ್ಷ ಸಿಗುತ್ತಿದ್ದದ್ದು ಮುಖಬೆಲೆಯ ಎಂಟರಲ್ಲಿ ಒಂದು ಪಾಲಿನ ಆಸುಪಾಸು. ಎಂಟು ವರ್ಷದ ಯುದ್ಧದಿಂದ ಮನೆಗೆ ಹೋಗುವವನಿಗೆ ದಾರಿಖರ್ಚಿಗೂ ಕಾಸಿರಲಿಲ್ಲ ಎಂದರೆ ಅತಿಶಯೋಕ್ತಿಯಾಗದು.

ಮಾರ್ಟಿನ್‌ಗೆ ಹೋಗಲು ಮನೆಯೇ ಇರಲಿಲ್ಲ. ಒಂದು ಚಳಿಗಾಲ ನ್ಯೂಯಾರ್ಕಿನ ಡಚ್ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿ, 1784ರಲ್ಲಿ ಮೇನ್ ಸೀಮೆಗೆ ಬಂದ. ಆಗ ಅದು ಮ್ಯಾಸಚೂಸೆಟ್ಸಿನ ಆಡಳಿತದಲ್ಲಿದ್ದ ಕಾಡುಪ್ರದೇಶ, ರಾಜ್ಯವಾದದ್ದು 1820ರಲ್ಲಿ. ಪೆನಾಬ್‌ಸ್ಕಾಟ್ ನದಿ ಸಮುದ್ರ ಸೇರುವ ಕಡೆ, ಮುಂದೆ ಪ್ರಾಸ್ಪೆಕ್ಟ್ ಎಂದು ಹೆಸರಾದ ಊರಿನಲ್ಲಿ, ನೂರು ಎಕರೆಯಷ್ಟು ಜಾಗ ಹಿಡಿದು ಮರ ಕಡಿದ. 1794ರಲ್ಲಿ ಲೂಸಿ ಕ್ಲೂಲಿಯನ್ನು ಮದುವೆಯಾದ. ಊರಿನ ಗುಮಾಸ್ತನಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದಾಖಲೆ ಬರೆದ. ಪುಸ್ತಕದಲ್ಲಿ ಓದಿದರೆ ಇದು ಥೇಟ್ ಆ ಹಳೆಯ ಚಿತ್ರವೇ: ಗುದ್ದಲಿ ಕೊಡಲಿಗಳಲ್ಲಿ ಪಳಗಿದ ಯೋಧ, ಕಾಡು, ಹೊಸ ಮನೆ. ಆದರೆ ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಅವನದು ಬಗರ್‌ಹುಕುಂ ಸಾಗುವಳಿ. ಹಕ್ಕುಪತ್ರ ಇರಲಿಲ್ಲ.

ಹಕ್ಕುಪತ್ರ ಇದ್ದದ್ದು ಹೆನ್ರಿ ನಾಕ್ಸ್ ಬಳಿ. ಬಾಸ್ಟನ್ನಿನ ಪುಸ್ತಕದಂಗಡಿಯವನು ಯುದ್ಧದಲ್ಲಿ ಫಿರಂಗಿ ಪಡೆಯ ಸೇನಾಪತಿಯಾಗಿ, ಬಳಿಕ ದೇಶದ ಯುದ್ಧ ಕಾರ್ಯದರ್ಶಿಯಾದ ಅದೇ ನಾಕ್ಸ್. ಸಿನ್ಸಿನಾಟಸ್ ಸಂಘದ ಕಲ್ಪನೆಯೂ ಅವನದೇ. ಅವನ ಹೆಂಡತಿ ಸ್ಯಾಮ್ಯುಯೆಲ್ ವಾಲ್ಡೊನ ಮೊಮ್ಮಗಳು. ಆ ಮನೆತನಕ್ಕೆ ಇಂಗ್ಲೆಂಡಿನ ದೊರೆಗಳ ಕಾಲದ ಸನ್ನದಿನಿಂದ ಬಂದ ಲಕ್ಷಾಂತರ ಎಕರೆ ಮೇನ್‌ನಲ್ಲಿತ್ತು. ಹೆಂಡತಿಯ ತವರಿನವರು ಬ್ರಿಟಿಷರ ಪಕ್ಷ ವಹಿಸಿ ದೇಶ ಬಿಟ್ಟವರು. ಅವರ ಪಾಲನ್ನು ಹೆಂಡತಿಯ ಹಕ್ಕಿನಿಂದಲೂ ಖರೀದಿಯಿಂದಲೂ ನಾಕ್ಸ್ ಒಗ್ಗೂಡಿಸಿಕೊಂಡ; ಮ್ಯಾಸಚೂಸೆಟ್ಸ್ ಶಾಸನಸಭೆ ಸನ್ನದನ್ನು ಎತ್ತಿಹಿಡಿಯಿತು. 1795ರಲ್ಲಿ ಥಾಮಸ್ಟನ್‌ನಲ್ಲಿ ಭಾರಿ ಬಂಗಲೆ ಕಟ್ಟಿ ಬಂದು ನೆಲೆಸಿದ. ಮಾರ್ಟಿನ್‌ನ ಜಮೀನು ಆ ಸನ್ನದಿನ ಒಳಗೆ ಬಿತ್ತು. 1797ರಲ್ಲಿ ನಾಕ್ಸ್‌ನ ಹಕ್ಕು ಊರ್ಜಿತವಾಗಿ, ಮಾರ್ಟಿನ್ ತಾನೇ ಕಡಿದು ಹಸನು ಮಾಡಿದ ನೆಲಕ್ಕೆ 170 ಡಾಲರ್ ಬೆಲೆ ಕಟ್ಟಲಾಯಿತು. ಕಂತಿನಲ್ಲಿ ನಾಕ್ಸ್‌ಗೆ ಪಾವತಿಸಬೇಕು. ಸಂಬಳದ ಲೆಕ್ಕದಲ್ಲಿ ಅದು ಸಿಪಾಯಿಯ ಎರಡು ವರ್ಷದ ದುಡಿಮೆಗಿಂತ ತುಸು ಹೆಚ್ಚು. ಅವನಿಗೆ ಸರ್ಕಾರ ಉಳಿಸಿಕೊಂಡ ಬಾಕಿಗಿಂತ ಬಹಳ ಕಡಿಮೆ. ಕೈಯಲ್ಲಿ ಹಣವಿಲ್ಲದ ಮಾರ್ಟಿನ್ ತನ್ನ ಹಳೆಯ ಸೇನಾಪತಿಗೆ ಪತ್ರ ಬರೆದು ಕಾಲಾವಕಾಶ ಬೇಡಿಕೊಂಡ. ಉತ್ತರ ಬಂದ ಕುರುಹಿಲ್ಲ. 1811ರ ವೇಳೆಗೆ ಜಮೀನು ಅರ್ಧವಾಗಿತ್ತು. 1818ರಲ್ಲಿ ಪಿಂಚಣಿ ಕೇಳಲು ಹೋದಾಗ ಏನೂ ಉಳಿದಿರಲಿಲ್ಲ.

ಕಾನೂನು ನಾಕ್ಸ್ ಪರವಾಗಿತ್ತಲ್ಲ, ಬೇರೆಯವರ ಜಮೀನಿನಲ್ಲಿ ಹೇಳದೆ ಕೇಳದೆ ಕೂತವನಿಗೆ ಏನು ಹಕ್ಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಇದೇ ಪ್ರಶ್ನೆಯನ್ನು ಮೇನ್‌ನ ಸಾವಿರಾರು ಒಕ್ಕಲುಗಳು ತಿರುಗಿಸಿ ಕೇಳಿದರು. ದೊರೆಯ ಆಳ್ವಿಕೆಯನ್ನು ಕಿತ್ತೊಗೆದ ಮೇಲೆ ದೊರೆಯ ಸನ್ನದು ಹೇಗೆ ಉಳಿಯಿತು? ಶತ್ರುಪಕ್ಷದವರ ಆಸ್ತಿಯನ್ನು ಗೆದ್ದುಕೊಂಡವರು ರಕ್ತ ಸುರಿಸಿದ ಜನವೋ, ಆ ಮನೆಯ ಅಳಿಯನೋ? ಇತಿಹಾಸಕಾರ ಆಲನ್ ಟೇಲರ್ ಈ ಹೋರಾಟದ ಬಗ್ಗೆ ಇಡೀ ಒಂದು ಗ್ರಂಥ ಬರೆದಿದ್ದಾರೆ. ಒಕ್ಕಲುಗಳು ಅಲ್ಲಿಯ ಮೂಲನಿವಾಸಿಗಳಾದ ಇಂಡಿಯನ್ನರ ವೇಷ ಹಾಕಿಕೊಂಡು ಸರ್ವೇ ತಂಡಗಳನ್ನು ಹೆದರಿಸಿ ಓಡಿಸಿದ್ದು, ಸರ್ಪಳಿ ದಿಕ್ಸೂಚಿಗಳನ್ನು ಕಿತ್ತುಕೊಂಡದ್ದು ಎಲ್ಲವೂ ಅದರಲ್ಲಿದೆ. ಕಾನೂನೂ ಕೊನೆಗೆ ಸ್ವಲ್ಪ ಬಾಗಿತು. ಒಕ್ಕಲು ತನ್ನ ದುಡಿಮೆಯಿಂದ ಹೆಚ್ಚಿಸಿದ ಬೆಲೆಯನ್ನು ಕಾಡುನೆಲದ ಬೆಲೆಯಿಂದ ಬೇರೆಯಾಗಿ ಲೆಕ್ಕ ಹಾಕಬೇಕೆಂದು 1808ರಲ್ಲಿ ಮ್ಯಾಸಚೂಸೆಟ್ಸ್ ಕಾಯ್ದೆ ಮಾಡಿತು. ಹಾಗಾದರೆ ಹನ್ನೊಂದು ವರ್ಷ ಹಿಂದೆ ಹಾಗೆ ಮಾಡದಿದ್ದದ್ದು ನಿಸರ್ಗನಿಯಮವೇನೂ ಅಲ್ಲ, ಒಂದು ಆಯ್ಕೆ. ನಾಕ್ಸ್‌ನನ್ನು ಖಳನಾಯಕ ಮಾಡುವುದು ನನ್ನ ಉದ್ದೇಶವಲ್ಲ. ಅವನೂ ಸಾಲದ ಮೇಲೆ ಸಾಲ ಮಾಡಿ, 1806ರಲ್ಲಿ ಸಾಯುವ ಹೊತ್ತಿಗೆ ಮುಳುಗಿಹೋಗಿದ್ದ. ಕಾಗದದ ಆಟ ದೊಡ್ಡವರನ್ನೂ ನುಂಗುತ್ತದೆ, ಬಂಗಲೆ ಕಟ್ಟಿದ ಮೇಲೆ.

ಮಾರ್ಟಿನ್‌ನದು ದುರದೃಷ್ಟದ ಒಂದು ಬಿಡಿ ಉದಾಹರಣೆ, ಗಡಿಸೀಮೆಯಲ್ಲಿ ಏಳಿಗೆಯಾದ ಯೋಧರೂ ಇದ್ದರಲ್ಲ ಎನ್ನುವವರು ಸಾಮಾನ್ಯವಾಗಿ ತೋರಿಸುವ ಹೆಸರು ರೂಫಸ್ ಪಟ್ನಮ್‌ನದು. ತೋರಿಸತಕ್ಕ ಹೆಸರೇ. 1738ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಓದಿಗೆ ಅಡ್ಡಬಂದ ಮಲತಂದೆಯ ಕೈಕೆಳಗೆ ಬೆಳೆದು, ಗಿರಣಿ ಕಟ್ಟುವ ಕಸುಬು ಕಲಿತವನು. ಎಂಜಿನಿಯರಿಂಗನ್ನು ಪುಸ್ತಕ ನೋಡಿ ತಾನೇ ಕಲಿತ. 1776ರ ಮಾರ್ಚಿನಲ್ಲಿ, ನೆಲ ಹೆಪ್ಪುಗಟ್ಟಿ ಗುದ್ದಲಿ ಇಳಿಯದಿದ್ದಾಗ, ಮರದ ಚೌಕಟ್ಟುಗಳಿಗೆ ಸೌದೆ ಕಟ್ಟು ತುಂಬಿ ಒಂದೇ ರಾತ್ರಿಯಲ್ಲಿ ಡಾರ್ಚೆಸ್ಟರ್ ಗುಡ್ಡದ ಮೇಲೆ ಕೋಟೆ ಎಬ್ಬಿಸುವ ಉಪಾಯ ಅವನದು. ಬ್ರಿಟಿಷರು ಬಾಸ್ಟನ್ ಖಾಲಿ ಮಾಡಿದರು. ಯುದ್ಧದ ಕೊನೆಯಲ್ಲಿ ಬ್ರಿಗೇಡಿಯರ್ ಜನರಲ್. 1788ರ ಏಪ್ರಿಲ್ 7ರಂದು 48 ಜನರೊಡನೆ ಮಸ್ಕಿಂಗಮ್ ನದಿ ಓಹಾಯೊ ಸೇರುವಲ್ಲಿ ದೋಣಿಯಿಳಿದು ಮಾರಿಯೆಟ್ಟಾ ಎಂಬ ಊರು ಕಟ್ಟಿದ. ಪ್ರಾಚೀನ ಮಣ್ಣಿನ ದಿಬ್ಬಗಳನ್ನು ಕೆಡವದೆ ಊರಿನ ನಕ್ಷೆಯೊಳಗೆ ಉಳಿಸಿಕೊಂಡ ವಿವೇಕವೂ ಆ ತಂಡದ್ದು. ಅವನ ಸಮಾಧಿ ಈಗಲೂ ಅಂಥ ದಿಬ್ಬದ ಮಗ್ಗುಲಲ್ಲಿದೆ. 1802ರಲ್ಲಿ ಓಹಾಯೊ ರಾಜ್ಯದ ಸಂವಿಧಾನ ರಚನೆಯಾಗುವಾಗ ಗುಲಾಮಗಿರಿಯ ವಿರುದ್ಧ ನಿಂತ. ಬಡತನದಿಂದ ಬಂದವನ ಯೋಗ್ಯತೆಯನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಅವನನ್ನು ಓಹಾಯೊಗೆ ಕರೆದೊಯ್ದದ್ದು ಏನು ಎಂದು ನೋಡಿ. 1783ರ ಜೂನ್‌ನಲ್ಲಿ 280ಕ್ಕೂ ಹೆಚ್ಚು ಅಧಿಕಾರಿಗಳು ಸಹಿ ಹಾಕಿ ನೆಲ ಕೇಳಿದ ಅರ್ಜಿಯನ್ನು ಪಟ್ನಮ್ ತನ್ನ ಪತ್ರದೊಡನೆ ವಾಷಿಂಗ್ಟನ್‌ಗೆ ಕಳಿಸಿದ. ಯುದ್ಧ ಕಂಡ ಜನ ಗಡಿಯಲ್ಲಿ ನೆಲೆಸಿದರೆ ದೇಶಕ್ಕೆ ಅದೇ ಬೇಲಿ ಎನ್ನುವುದು ಅವನ ತರ್ಕ. ಅದು ಫಲಿಸದಿದ್ದಾಗ 1786ರ ಮಾರ್ಚಿನಲ್ಲಿ ಬಾಸ್ಟನ್ನಿನ ಪಾನಗೃಹವೊಂದರಲ್ಲಿ ಸೇರಿ ಓಹಾಯೊ ಕಂಪನಿ ಕಟ್ಟಿದರು. ಒಂದು ಷೇರಿಗೆ ಸಾವಿರ ಡಾಲರಿನ ಸಾಲಪತ್ರ, ಜೊತೆಗೆ ಹತ್ತು ಡಾಲರ್ ನಾಣ್ಯ. ಇಲ್ಲಿ ಸ್ವಲ್ಪ ಗುಣಾಕಾರ ಮಾಡಬೇಕು. ಅಧಿಕಾರಿಗಳಿಗೆ ಜೀವನಪರ್ಯಂತ ಅರ್ಧ ಸಂಬಳದ ಬದಲು ಐದು ವರ್ಷದ ಪೂರ್ಣ ಸಂಬಳವನ್ನು ಬಡ್ಡಿ ಬರುವ ಸಾಲಪತ್ರದಲ್ಲಿ ಕೊಡಲು 1783ರಲ್ಲಿ ಕಾಂಗ್ರೆಸ್ಸು ಒಪ್ಪಿತ್ತು. ತಿಂಗಳಿಗೆ 40 ಡಾಲರಿನ ಕ್ಯಾಪ್ಟನ್ ಒಬ್ಬನಿಗೆ ಅದು 2,400 ಡಾಲರ್; ಎರಡು ಷೇರು ಕೊಂಡು ಇನ್ನೂ ಮಿಗುತ್ತದೆ. ಷೇರೊಂದಕ್ಕೆ ಕೊನೆಗೆ ದಕ್ಕಿದ್ದು ಸಾವಿರದ ನೂರೆಪ್ಪತ್ತು ಎಕರೆಗೂ ಮೇಲೆ. ಸಿಪಾಯಿಗೋ ಸಾವಿರ ಡಾಲರೆಂದರೆ ಹನ್ನೆರಡೂವರೆ ವರ್ಷದ ಸಂಬಳ. ಯುದ್ಧವೇ ಅಷ್ಟು ವರ್ಷ ನಡೆಯಲಿಲ್ಲ. ಪಟ್ನಮ್‌ನ ಗುಣ, ಮಾರ್ಟಿನ್‌ನ ಗುಣ ಎರಡನ್ನೂ ತಕ್ಕಡಿಯಲ್ಲಿ ಸಮ ಮಾಡಿಟ್ಟರೂ ಈ ಗುಣಾಕಾರ ಬದಲಾಗುವುದಿಲ್ಲ.

ಇನ್ನು ಎಲ್ಲರೂ ಆಡುವ ಮಾತು: ಸಿಪಾಯಿಗಳು ತಮ್ಮ ಕಾಗದ ಮಾರಿದ್ದು ತಮ್ಮ ಇಷ್ಟದಿಂದ, ದಲ್ಲಾಳಿಗಳೇನು ಕುತ್ತಿಗೆಗೆ ಕತ್ತಿ ಹಿಡಿದಿದ್ದರೇ? ಇದಕ್ಕೆ ಕಾಂಗ್ರೆಸ್ಸಿನ ದಾಖಲೆಯೇ ಉತ್ತರ ಕೊಡುತ್ತದೆ. 1776ರ ಸೆಪ್ಟೆಂಬರ್‌ನಲ್ಲಿ ನೆಲದ ಭರವಸೆ ಕೊಟ್ಟಾಗ (ಸಿಪಾಯಿಗೆ 100 ಎಕರೆ, ಕ್ಯಾಪ್ಟನ್‌ಗೆ 300, ಕರ್ನಲ್‌ಗೆ 500) ಅದೇ ಕಾಂಗ್ರೆಸ್ಸು ಸೈನಿಕನಿಂದ ಪರಭಾರೆ ಮಾಡಿಸಿಕೊಂಡವರಿಗೆ ನೆಲ ಕೊಡುವುದಿಲ್ಲ ಎಂದೂ ನಿರ್ಣಯಿಸಿತ್ತು. ಹಸಿದವನ ಕೈಯಲ್ಲಿ ಚೀಟಿ ನಿಲ್ಲುವುದಿಲ್ಲವೆಂಬುದು ಅವರಿಗೆ ಆಗಲೇ ಗೊತ್ತಿತ್ತು ಎಂದಾಯಿತು. 1978ರಲ್ಲಿ ಕರ್ನಾಟಕ ಸರ್ಕಾರ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ ತಂದದ್ದು ಇದೇ ತಿಳಿವಳಿಕೆಯಿಂದ. ಅಮೆರಿಕ ಮಾತ್ರ ಹಿಂದೆ ಸರಿಯಿತು: 1788ರಲ್ಲಿ ಭೂಪತ್ರವನ್ನು ಸೈನಿಕನಿಗೆ ಅಥವಾ ಅವನಿಂದ ಬರೆಸಿಕೊಂಡವನಿಗೆ ಕೊಡಬಹುದೆಂದಾಯಿತು. 1796ರಲ್ಲಿ ಓಹಾಯೊದಲ್ಲಿ ಸೈನಿಕರಿಗಾಗಿಯೇ ಸುಮಾರು 25 ಲಕ್ಷ ಎಕರೆಯ ಜಿಲ್ಲೆಯೊಂದನ್ನು ಮೀಸಲಿಟ್ಟರು. ಆದರೆ ಅಲ್ಲಿ ಒಂದು ತುಂಡೆಂದರೆ 4,000 ಎಕರೆ, ಅದಕ್ಕಿಂತ ಚಿಕ್ಕದಕ್ಕೆ ಅರ್ಜಿಯೇ ಇಲ್ಲ. ನೂರು ಎಕರೆಯ ಸಿಪಾಯಿ ತನ್ನಂಥ ಇನ್ನೂ 39 ಜನರನ್ನು ದೇಶದ ಮೂಲೆಮೂಲೆಯಿಂದ ಹುಡುಕಿ ತರಬೇಕು, ಇಲ್ಲವೆ ನಲವತ್ತು ಭೂಪತ್ರ ಗಂಟು ಕಟ್ಟಿಟ್ಟುಕೊಂಡ ದಲ್ಲಾಳಿಗೆ ಮಾರಬೇಕು. ನೂರು ಎಕರೆಯ ತುಂಡಿಗೆ ಅವಕಾಶವಾದದ್ದು 1800ರಲ್ಲಿ. ಅಷ್ಟು ಹೊತ್ತಿಗೆ ಮಾರುವವರು ಮಾರಿಯಾಗಿತ್ತು. ಸಿಪಾಯಿಗಳಿಗೆ ನೆಲ ತಲುಪಿಸಲು ಒಬ್ಬ ಪ್ರತಿನಿಧಿಯನ್ನೂ ನೇಮಿಸಲಿಲ್ಲ, ಊರೂರು ತಿರುಗಿ ಕಾಗದ ಕೊಳ್ಳುವವರು ಮಾತ್ರ ಇದ್ದರು ಎಂದು ಮಾರ್ಟಿನ್ ಬರೆದದ್ದು ಮುದುಕನ ಗೊಣಗಾಟವಲ್ಲ.

ಸರ್ಕಾರದ ಹತ್ತಿರ ಹಣವಿರಲಿಲ್ಲ, ಇದ್ದದ್ದು ನೆಲವೊಂದೇ ಎನ್ನುವುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. 1789ಕ್ಕೆ ಮುಂಚೆ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಖಜಾನೆ ಬರಿದಾದಾಗ ಯುದ್ಧದ ಋಣವನ್ನು ನೆಲದಲ್ಲಿ ತೀರಿಸದ ರಾಜ್ಯ ಯಾವುದಿದೆ? 949-50ರ ಆತಕೂರು ಶಾಸನದಲ್ಲಿ ತಕ್ಕೋಲದ ಯುದ್ಧದ ವೀರ ಮಣಲೆರನಿಗೆ ಗಂಗರ ದೊರೆ ಬೂತುಗ ಕೊಟ್ಟದ್ದೂ ಊರುಗಳನ್ನೇ; ನೆತ್ತರುಗೊಡಗೆಯ ವೀರಗಲ್ಲುಗಳು ನಮ್ಮ ನಾಡಿನ ತುಂಬ ನಿಂತಿವೆ. ಒಪ್ಪೋಣ. 1783ರ ಅಸಹಾಯಕತೆಯನ್ನು ನಾನು ಅಪರಾಧವೆನ್ನುವುದಿಲ್ಲ. ಆದರೆ 1790ರಲ್ಲಿ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ಆ ಸಾಲಪತ್ರಗಳನ್ನು ಪೂರ್ಣ ಮುಖಬೆಲೆಗೆ ಊರ್ಜಿತಗೊಳಿಸಿದಾಗ ಸರ್ಕಾರ ಅಸಹಾಯಕವಾಗಿರಲಿಲ್ಲ. ಲಾಭವನ್ನೆಲ್ಲ ಈಗ ಕಾಗದ ಹಿಡಿದಿರುವವನಿಗೇ ಕೊಡದೆ, ಅದನ್ನು ಮೊದಲು ಗಳಿಸಿದ ಸೈನಿಕನಿಗೂ ಒಂದು ಪಾಲು ಕೊಡೋಣ ಎಂದು ಕಾಂಗ್ರೆಸ್ ಸದಸ್ಯ ಮ್ಯಾಡಿಸನ್ ಸೂಚಿಸಿದ. ಸದನ ಅದನ್ನು 36ಕ್ಕೆ 13 ಮತಗಳಿಂದ ತಳ್ಳಿಹಾಕಿತು. ಚಿಕ್ಕ ತುಂಡು ಹಂಚುವುದು ಆಡಳಿತಕ್ಕೆ ಅಸಾಧ್ಯವಾಗಿತ್ತು ಎನ್ನುವಂತೆಯೂ ಇಲ್ಲ. 1792ರಲ್ಲಿ ಓಹಾಯೊ ಕಂಪನಿಯ ಜಮೀನಿನ ಅಂಚಿಗೆ ಒಂದು ಲಕ್ಷ ಎಕರೆಯನ್ನು, ಬಂದು ನೆಲೆಸುವ ಗಂಡಾಳಿಗೆ ನೂರು ಎಕರೆಯಂತೆ ಪುಕ್ಕಟೆ ಹಂಚಲು ಕಾಂಗ್ರೆಸ್ಸು ಒಪ್ಪಿತು. ಮನೆ ಕಟ್ಟಬೇಕು, ಉಳುಮೆ ಮಾಡಬೇಕು, ಐವತ್ತು ಸೇಬಿನ ಗಿಡ, ಇಪ್ಪತ್ತು ಪೀಚ್ ಗಿಡ ನೆಡಬೇಕು, ಬಂದೂಕು ಇಟ್ಟುಕೊಂಡಿರಬೇಕು. ಅಂದರೆ ಚಿಕ್ಕ ಒಕ್ಕಲು ಬೇಲಿಯಾಗಿ ನಿಲ್ಲಬೇಕಾದ ಕಡೆ ನೂರು ಎಕರೆಯ ಅಳತೆ ತಾನಾಗಿ ಸಾಧ್ಯವಾಯಿತು. ನಾಲ್ಕು ವರ್ಷದ ಬಳಿಕ ಸೈನಿಕನ ಬಾಕಿ ತೀರಿಸುವಾಗ ಅದು ಮತ್ತೆ ಅಸಾಧ್ಯವಾಯಿತು.

ಬೇಲಿ ಯಾರಿಂದ ಯಾರನ್ನು ಕಾಯಲು? ಈ ಪ್ರಶ್ನೆ ಇಲ್ಲದೆ ನನ್ನ ವಾದ ಅರೆಬರೆಯಾಗುತ್ತದೆ. ಸೈನಿಕನಿಗೆ ಮೋಸವಾಯಿತೆಂದು ಹೇಳಿ ನಿಲ್ಲಿಸಿದರೆ, ಅವನಿಗೆ ಸರಿಯಾಗಿ ನೂರು ಎಕರೆ ಸಿಕ್ಕಿದ್ದರೆ ಎಲ್ಲವೂ ನೆಟ್ಟಗಾಗುತ್ತಿತ್ತು ಎಂದಾಗುತ್ತದೆ. ಆ ನೆಲ ಲೆನಾಪೆ, ಶಾನಿ, ವಯಂಡಾಟ್, ಮಯಾಮಿ ಜನರದು. 1787ರ ವಾಯವ್ಯ ಸೀಮೆಯ ಶಾಸನ ಇಂಡಿಯನ್ನರ ನೆಲವನ್ನು ಅವರ ಒಪ್ಪಿಗೆಯಿಲ್ಲದೆ ಕಸಿಯುವುದಿಲ್ಲವೆಂದು ಘೋಷಿಸಿದ ವರ್ಷವೇ ಓಹಾಯೊ ಕಂಪನಿಗೆ 15 ಲಕ್ಷ ಎಕರೆಯ ಕರಾರಾಯಿತು. ಒಪ್ಪಿಗೆ ಪಡೆದಿದ್ದೇವೆ ಎಂದು ತೋರಿಸಲು ಫೋರ್ಟ್ ಹಾರ್ಮರ್‌ನಲ್ಲಿ 1789ರಲ್ಲಿ ಒಪ್ಪಂದ ಮಾಡಿಸಿದರು. ಆ ಸೀಮೆಯ ಬಹುಪಾಲು ಜನ ಅದನ್ನು ಮಾನ್ಯ ಮಾಡಲಿಲ್ಲ. 1791ರ ಜನವರಿಯಲ್ಲಿ ಮಾರಿಯೆಟ್ಟಾದ ಮೇಲ್ಗಡೆಯ ಬಿಗ್ ಬಾಟಮ್ ಎಂಬ ಹೊಸ ಹಳ್ಳಿ ದಾಳಿಗೆ ಸಿಕ್ಕಿತು. ನವೆಂಬರ್‌ನಲ್ಲಿ ಅಮೆರಿಕದ ಸೇನಾಪತಿ ಸೇಂಟ್ ಕ್ಲೇರ್‌ನ ಸೈನ್ಯ ಆರುನೂರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು ಓಡಿತು. 1794ರಲ್ಲಿ ಫಾಲನ್ ಟಿಂಬರ್ಸ್‌ನಲ್ಲಿ ಈ ಬುಡಕಟ್ಟುಗಳ ಒಕ್ಕೂಟ ಸೋತ ಮೇಲೆ, 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಓಹಾಯೊದ ದಕ್ಷಿಣ ಪೂರ್ವದ ದೊಡ್ಡ ಪಾಲು ಅವುಗಳ ಕೈತಪ್ಪಿತು. ಸೈನಿಕರ ಜಿಲ್ಲೆಯ ಕಾಯ್ದೆ ಬಂದದ್ದು ಮರುವರ್ಷ. ಜಿಲ್ಲೆಯ ಉತ್ತರದ ಗಡಿ ಎಳೆದದ್ದು ಗ್ರೀನ್‌ವಿಲ್ ಗೆರೆಯ ಗುಂಟವೇ. 1782ರಲ್ಲಿ ಪೆನ್ಸಿಲ್ವೇನಿಯಾದ ದಂಡು 96 ಮಂದಿ ಕ್ರೈಸ್ತ ಲೆನಾಪೆಗಳನ್ನು, ಹೆಂಗಸರು ಮಕ್ಕಳೆನ್ನದೆ, ಕೊಂದ ನಾಡೆನ್‌ಹಟನ್ ಇದ್ದದ್ದೂ ಆ ಸೀಮೆಯಲ್ಲೇ. ಒಂದು ಯುದ್ಧದ ಬಾಕಿ ತೀರಿಸಲು ಇನ್ನೊಂದು ಯುದ್ಧ ಮಾಡಬೇಕಾಯಿತು, ಅದಕ್ಕೂ ಸಿಪಾಯಿಗಳೇ ಬೇಕಾಯಿತು.

ಪಟ್ನಮ್‌ಗೆ ಇದು ತಿಳಿದಿರಲಿಲ್ಲ ಎನ್ನಲಾಗದು. 1792ರಲ್ಲಿ ವಬಾಷ್ ನದಿಯ ಕಡೆಯ ಬುಡಕಟ್ಟುಗಳೊಡನೆ ವಿನ್ಸೆನ್ಸ್‌ನಲ್ಲಿ ಅವನೇ ಒಪ್ಪಂದ ಮಾಡಿಕೊಂಡ. ಅದರಲ್ಲಿ ಅವರ ನೆಲ ಅವರದೇ ಎಂದು ಒಪ್ಪಿದ್ದ. ಸೆನೆಟ್ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಬೇಲಿಯಾಗಲು ಬಂದ ಯೋಧನಿಗೆ ಆಚೆಯವರೊಡನೆ ಮಾತಾಡುವ ಬುದ್ಧಿಯಿದ್ದರೂ, ನೆಲ ಮಾರಿಯೇ ಸಾಲ ತೀರಿಸಬೇಕಾದ ಸರ್ಕಾರಕ್ಕೆ ಆ ಮಾತು ಬೇಕಿರಲಿಲ್ಲ.

ಮಾರ್ಟಿನ್‌ನ ಕಡತದ ಕೊನೆಯ ಹಾಳೆಗಳು 1818ರಿಂದ ಮುಂದಿನವು. ಆ ವರ್ಷದ ಕಾಯ್ದೆ ಬಡತನದಲ್ಲಿರುವ ಹಳೆಯ ಸೈನಿಕರಿಗೆ ತಿಂಗಳಿಗೆ 8 ಡಾಲರ್ ಪಿಂಚಣಿ ಕೊಟ್ಟಿತು. ಅರ್ಜಿಗಳ ಮಹಾಪೂರ ಬಂದು ಗಾಬರಿಯಾದ ಸರ್ಕಾರ 1820ರಲ್ಲಿ ಪ್ರತಿಯೊಬ್ಬನೂ ನ್ಯಾಯಾಲಯಕ್ಕೆ ಬಂದು ಪ್ರಮಾಣ ಮಾಡಿ ಆಸ್ತಿ ಪಟ್ಟಿ ಕೊಡಬೇಕೆಂದಿತು. ಹೊಟ್ಟೆಗಿಲ್ಲ ಎಂದು ಸಾಬೀತು ಮಾಡಿದವನಿಗೆ ಮಾತ್ರ ಕೃತಜ್ಞತೆ. ಮಾರ್ಟಿನ್ ಕೊಟ್ಟ ಪಟ್ಟಿಯಲ್ಲಿ ಜಮೀನಿಲ್ಲ. ಎರಡು ಹಸು, ಆರು ಕುರಿ, ಒಂದು ಹಂದಿ. ಕಸುಬು ಎಂಬಲ್ಲಿ ಕೂಲಿ ಎಂದಿದೆ, ವಯಸ್ಸು ಮತ್ತು ಕಾಯಿಲೆಯಿಂದ ದುಡಿಯಲಾಗದು ಎಂದೂ ಇದೆ. ಪಿಂಚಣಿ ಮಂಜೂರಾಯಿತು, ಅದರ ಮೇಲೆ ಅವನು 1850ರ ಮೇ 2ರವರೆಗೆ, ಎಂಬತ್ತೊಂಬತ್ತು ವರ್ಷದ ತನಕ, ಬದುಕಿದ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ಸು 1812ರ ಯುದ್ಧ ಮತ್ತು ಇಂಡಿಯನ್ ಯುದ್ಧಗಳ ಸೈನಿಕರಿಗೆ 160 ಎಕರೆಯವರೆಗೆ ನೆಲ ಕೊಡುವ ಕಾಯ್ದೆ ಮಾಡಿತು. ಎರಡು ವರ್ಷಕ್ಕೆ ಆ ಭೂಪತ್ರಗಳನ್ನೂ ಮಾರಬಹುದೆಂದಾಯಿತು. ನ್ಯೂಯಾರ್ಕಿನಲ್ಲಿ ಅವುಗಳಿಗೆ ದಿನದ ಧಾರಣೆ ಇತ್ತು. 1847ರಿಂದ 1855ರವರೆಗಿನ ನಾಲ್ಕು ಕಾಯ್ದೆಗಳಡಿ ಸುಮಾರು ಆರು ಕೋಟಿ ಎಕರೆಯ ಕಾಗದ ಹೊರಬಿತ್ತು, ಅದರಲ್ಲಿ ಹೆಚ್ಚಿನದು ದಲ್ಲಾಳಿಗಳ ಕೈಯಿಂದಲೇ ನೆಲ ಸೇರಿತು. 1832ರ ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಕೆಲವು ವಾರ ಇದ್ದ ಇಲಿನಾಯ್ಸಿನ ಒಬ್ಬ ವಕೀಲನಿಗೂ ಅಯೋವಾದಲ್ಲಿ ಒಟ್ಟು 160 ಎಕರೆ ಬಂತು. ಅಲ್ಲಿ ಅವನು ಒಂದು ದಿನವೂ ಒಕ್ಕಲಾಗಿರಲಿಲ್ಲ, ಮಾರಲೂ ಇಲ್ಲ; ಅವನಿಗೆ ಆ ಕಾಗದವನ್ನು ಇಟ್ಟುಕೊಳ್ಳುವ ಅನುಕೂಲವಿತ್ತು. ಅವನ ಹೆಸರು ಏಬ್ರಹಾಂ ಲಿಂಕನ್. ಐದು ವರ್ಷ ನೆಲೆಸಿ ಉತ್ತವನಿಗೆ 160 ಎಕರೆ ಪುಕ್ಕಟೆ ಎಂಬ 1862ರ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದವನೂ ಅವನೇ. ಒಕ್ಕಲುತನದಿಂದಲೇ ಹಕ್ಕು ಹುಟ್ಟಬೇಕೆಂದು ಮೇನ್‌ನ ಒಕ್ಕಲುಗಳು ನಾಕ್ಸ್‌ನ ಮುಂದೆ ಹೂಡಿದ ವಾದ ಅಷ್ಟು ತಡವಾಗಿ, ಮಿಸಿಸಿಪ್ಪಿಯ ಆಚೆ, ಬೇರೆ ಬುಡಕಟ್ಟುಗಳ ನೆಲದ ಮೇಲೆ ಕಾನೂನಾಯಿತು.